ಕಾರವಾರದಲ್ಲಿ ಹಳೆ ದೋಣಿ, ಬಲೆ ನೋಡಬೇಕಾದರೆ

ಕಾರವಾರದಲ್ಲಿ ಕಡಲಿನ ಮ್ಯೂಸಿಯಂ ಎಲ್ಲಿದೆ ಅಂತ ಯಾರನ್ನು ಕೇಳಿದರೂ ಟ್ಯಾಗೋರ್ ಕಡಲತೀರದ ಐಎನ್‌ಎಸ್ ಚಪಲ್ ತೋರಿಸುತ್ತಾರೆ. ಖಂಡಿತ ನೋಡಿ. 1976ರಲ್ಲಿ ನೌಕಾಪಡೆ ಸೇರಿ 2005ರಲ್ಲಿ ನಿವೃತ್ತಿಯಾದ ಕ್ಷಿಪಣಿ ನೌಕೆ ಅದು. ಆದರೆ ನಿಮಗೆ ನೋಡಬೇಕಿರುವುದು ಮೀನುಗಾರರ ಹಳೆ ದೋಣಿ, ಬಲೆ ಅಂದರೆ ಅಲ್ಲಿಂದ ಇಳಿದು ಮರಳಿನ ಮೇಲೆ ನಡೆಯಬೇಕು.

ದಂಡೆಗೆ ಎಳೆದಿಟ್ಟ ಪಾತಿ ದೋಣಿ ಕಂಡರೆ ಹತ್ತಿರ ಹೋಗಿ. ಒಂದು ಪಕ್ಕಕ್ಕೆ ಎರಡು ಕೋಲು ಚಾಚಿ, ತುದಿಗೆ ತೇಲುವ ಮರ ಕಟ್ಟಿರುತ್ತಾರೆ. ಅದು ಉಲಾಂಡಿ. ಅಲೆ ಹೊಡೆದಾಗ ದೋಣಿ ಮಗುಚದಂತೆ ಕಾಯುವುದು ಅದೇ. ಗಡಿಯ ಊರು ಮಾಜಾಳಿ ದಾಟಿ ಗೋವಾಕ್ಕೆ ಹೋದರೂ ಇದೇ ದೋಣಿ ಸಿಗುತ್ತದೆ, ಮನೆಮಾತೂ ಅದೇ ಕೊಂಕಣಿ.

ರಂಪಣಿ ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ಅದನ್ನು ಕಡಲಿಗೆ ಬಿಡುವ ರಂಪಣಿ ದೋಣಿಯ ಕತೆ ಬೇರೆ. ಅದು ದೊಡ್ಡದು, ತಳ ಚಪ್ಪಟೆ, ಉಲಾಂಡಿ ಇಲ್ಲ. ಹಳೆಯದಾದರೆ ಹಲಗೆಗಳ ಅಂಚನ್ನು ನೋಡಿ, ಮೊಳೆಯೇ ಇರುವುದಿಲ್ಲ. ಸಾಲಾಗಿ ತೂತು ಕೊರೆದು ತೆಂಗಿನ ನಾರಿನ ಹಗ್ಗದಿಂದ ಹಲಗೆಗೆ ಹಲಗೆ ಹೊಲಿದಿರುತ್ತಾರೆ. ಉಪ್ಪು ನೀರಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಹೊಲಿಗೆಗೆ ಆ ಕಾಟ ಇಲ್ಲ. ಇನ್ನೂ ದೊಡ್ಡ ಕಾರಣ ಅಂದರೆ, ದಂಡೆಯ ಅಲೆಗೆ ಸಿಕ್ಕಿ ಮರಳಿಗೆ ಬಡಿದಾಗ ಹೊಲಿದ ದೋಣಿ ಸ್ವಲ್ಪ ಬಳುಕುತ್ತದೆ, ಬಿರುಕು ಬಿಡುವುದಿಲ್ಲ. ಒಂದು ಹಲಗೆ ಹಾಳಾದರೆ ಹೊಲಿಗೆ ಬಿಚ್ಚಿ ಅದನ್ನಷ್ಟೇ ಬದಲಿಸಿದರೆ ಆಯಿತು. ಮರಕ್ಕೆ ಮೀನೆಣ್ಣೆ ಬಳಿಯುತ್ತಿದ್ದರು. ಈಗ ಜಾಸ್ತಿ ಫೈಬರ್ ದೋಣಿಗಳೇ.

ಬಲೆಯೂ ಹಾಗೇ, ಮೊದಲು ನೂಲಿನದು, ಈಗ ನೈಲಾನ್. ರಂಪಣಿ ಬಲೆ ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ. ಹಲವು ಮನೆಯವರ ಬಲೆ ತುಂಡುಗಳನ್ನು ಸೇರಿಸಿ ಉದ್ದ ಮಾಡುತ್ತಾರೆ. ದೋಣಿ ಅದನ್ನು ಅರ್ಧಚಂದ್ರದ ಹಾಗೆ ಕಡಲಿಗೆ ಬಿಟ್ಟುಕೊಂಡು ಬರುತ್ತದೆ, ದಂಡೆಯಲ್ಲಿ ಎರಡು ಗುಂಪು ನಿಂತು ಎರಡು ತುದಿಯ ಹಗ್ಗ ಎಳೆಯುತ್ತದೆ. ಬಂಗಡೆ, ತಾರ್ಲೆ ಮೀನು ಸಿಕ್ಕರೆ ಬಲೆಗೆ, ದೋಣಿಗೆ, ಎಳೆದವರಿಗೆ ಅಂತ ಪಾಲು. 1970ರ ದಶಕದ ನಡುವೆ ಕಡಲಿನಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವ ಪರ್ಸೀನ್ ಬೋಟು ಬಂದ ಮೇಲೆ ಮೀನನ್ನು ದಂಡೆಗೆ ಬರುವ ಮೊದಲೇ ಹಿಡಿಯತೊಡಗಿದರು, ರಂಪಣಿ ಸೊರಗಿತು. ಆಮೇಲೆ ಸೀಬರ್ಡ್ ನೌಕಾನೆಲೆ ಬಂತು, ಅದಕ್ಕೆ ಜಾಗ ಬಿಟ್ಟು ಕಾರವಾರದ ಪಕ್ಕದ ಅರ್ಗಾ ಕಡೆಯ ಕಡಲಮಕ್ಕಳು ಊರು ಬಿಟ್ಟರು. ಊರಿನ ಜೊತೆ ಬಲೆ ಎಳೆಯುವ ದಂಡೆಯೂ ಹೋಯಿತು.

ಅದಕ್ಕೇ ನನ್ನ ಹಟ ಇಷ್ಟು: ಚಪಲ್ ಪಕ್ಕದಲ್ಲಿ ಒಂದು ಹೊಲಿದ ರಂಪಣಿ ದೋಣಿಗೂ ಜಾಗ ಬೇಕು, ನೆರಳಿಗೆ ಒಂದು ಚಪ್ಪರ ಬೇಕು. ಹೊಲಿಗೆ ಗೊತ್ತಿರುವ ಹಿರಿಯರು ಇರುವಾಗಲೇ ಅವರ ಕೈಯಿಂದ ಒಂದು ಹೊಸ ದೋಣಿ ಮಾಡಿಸಬೇಕು. ಒಡೆದ ದೋಣಿ ತಂದು ಬಣ್ಣ ಹೊಡೆದು ಸುಮ್ನೆ ನಿಲ್ಲಿಸಿದರೆ ಆ ವಿದ್ಯೆ ಉಳಿಯುವುದಿಲ್ಲ.

ನೀವು ಮಳೆಗಾಲ ಮುಗಿದ ಮೇಲೆ ಬನ್ನಿ. ಬೆಳಿಗ್ಗೆ ಟ್ಯಾಗೋರ್ ತೀರದಲ್ಲೋ ಮಾಜಾಳಿಯಲ್ಲೋ ಬಲೆ ಎಳೆಯುತ್ತಿದ್ದರೆ ಫೋಟೋ ಆಮೇಲೆ ತೆಗೆಯಿರಿ, ಮೊದಲು ಕೇಳಿಕೊಂಡು ಹಗ್ಗಕ್ಕೆ ಕೈ ಹಾಕಿ.