ಅಂಗೈ ಬೆವರು ನಿಲ್ಲಿಸುವ ಶಸ್ತ್ರಚಿಕಿತ್ಸೆಯಿಂದ ಯಾವ ಅಡ್ಡಪರಿಣಾಮಗಳಾಗಬಹುದು?

ಈ ಶಸ್ತ್ರಚಿಕಿತ್ಸೆಯಲ್ಲಿ ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ, ಕ್ಯಾಮೆರಾದ ನೆರವಿನಿಂದ, ಬೆವರಿನ ಗ್ರಂಥಿಗಳನ್ನು ಪ್ರಚೋದಿಸುವ ಸಿಂಪಥೆಟಿಕ್ ನರವನ್ನು ಎದೆಯೊಳಗೇ ಕತ್ತರಿಸುತ್ತಾರೆ ಅಥವಾ ಅದಕ್ಕೆ ಕ್ಲಿಪ್ ಹಾಕುತ್ತಾರೆ. ಅಂಗೈ ಸಾಮಾನ್ಯವಾಗಿ ಕೂಡಲೇ ಒಣಗುತ್ತದೆ.

ಆದರೆ ಅನೇಕರಲ್ಲಿ ಬೆನ್ನು, ಹೊಟ್ಟೆ, ತೊಡೆಗಳು ಮೊದಲಿಗಿಂತ ಹೆಚ್ಚು ಬೆವರತೊಡಗುತ್ತವೆ. ಬಹುಪಾಲು ಜನರಿಗೆ ಇದು ಸಹಿಸಿಕೊಳ್ಳುವಷ್ಟಿರುತ್ತದೆಯಾದರೂ, ಕೆಲವರಿಗೆ ದಿನದಲ್ಲಿ ಹಲವು ಬಾರಿ ಅಂಗಿ ಬದಲಿಸಬೇಕಾಗುವಷ್ಟು ತೀವ್ರವಾಗಿ, ಮೊದಲಿನ ತೊಂದರೆಯೇ ವಾಸಿಯಿತ್ತು ಎನಿಸಿಬಿಡುತ್ತದೆ. ಯಾರಿಗೆ ಎಷ್ಟು ಬರುತ್ತದೆಂದು ಮುಂಚಿತವಾಗಿ ಖಚಿತವಾಗಿ ಹೇಳಲಾಗದು. ಕ್ಲಿಪ್ ತೆಗೆದರೂ ಅದು ಕಡಿಮೆಯಾಗುವ ಭರವಸೆಯಿಲ್ಲ. ಆದ್ದರಿಂದ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಯೋಚಿಸಬೇಕಾದದ್ದು ಇದನ್ನೇ.

ಈ ಸಿಂಪಥೆಟಿಕ್ ನರದ ಮೇಲ್ಭಾಗಕ್ಕೆ ಪೆಟ್ಟಾದರೆ ಆ ಬದಿಯ ಕಣ್ಣುರೆಪ್ಪೆ ಜೋತುಬಿದ್ದು ಪಾಪೆ ಕಿರಿದಾಗುವ ಹಾರ್ನರ್ ಸಿಂಡ್ರೋಮ್ ಬರಬಹುದು, ಇದು ಅಪರೂಪ. ಶ್ವಾಸಕೋಶದ ಸುತ್ತ ಗಾಳಿ ಸೇರುವುದು, ರಕ್ತಸ್ರಾವ, ಪಕ್ಕೆಲುಬಿನ ನರದ ನೋವು, ಊಟ ಮಾಡುವಾಗ ಮುಖ ಬೆವರುವುದು, ನಾಡಿಬಡಿತ ನಿಧಾನವಾಗುವುದು ಇವೂ ಉಂಟು.

ಅಲ್ಯೂಮಿನಿಯಂ ಕ್ಲೋರೈಡ್ ಲೇಪ, ನೀರಿನಲ್ಲಿ ಕೈಯಿಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುವ ಅಯಾಂಟೊಫೊರೆಸಿಸ್, ಬೊಟಾಕ್ಸ್ ಚುಚ್ಚುಮದ್ದು, ಮಾತ್ರೆ ಈ ಬೇರೆ ಚಿಕಿತ್ಸೆಗಳ ಬಗ್ಗೆ ಚರ್ಮರೋಗ ತಜ್ಞರೊಂದಿಗೆ ಚರ್ಚಿಸದೆ ದಯವಿಟ್ಟು ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ.