ಪಂಜಾಬಿನ ಹಳ್ಳಿ ಮಕ್ಕಳ ಆಟಗಳು ನಮ್ಮ ಆಟಗಳಿಗಿಂತ ಬೇರೆಯೇ?

ನಮಸ್ಕಾರ. ಶಾಲೆಯಲ್ಲಿ ಐದನೇ ತರಗತಿ ಮಕ್ಕಳಿಗೆ ಬೇರೆ ರಾಜ್ಯದ ಆಟಗಳನ್ನು ಕಲಿಸಬೇಕು, ಪಂಜಾಬಿನ ಹಳ್ಳಿಗಳಲ್ಲಿ ಏನು ಆಡುತ್ತಾರೆ, ಅವು ನಮ್ಮವಕ್ಕಿಂತ ಬೇರೆಯೇ ಎಂದು ಕೇಳಿದ್ದೀರಿ. ನಾನು ಧಾರವಾಡ ಜಿಲ್ಲೆಯವಳು. ಅಪ್ಪ ವಾಯುಪಡೆಯಲ್ಲಿದ್ದರು. 1996ರಲ್ಲಿ ಅವರಿಗೆ ಲುಧಿಯಾನಾ ಜಿಲ್ಲೆಯ ಹಲ್ವಾರಾಕ್ಕೆ ವರ್ಗವಾಯಿತು. ಕ್ವಾರ್ಟರ್ಸ್ ಸಿಗುವತನಕ ಇರೋಣ ಅಂತ ಹತ್ತಿರದ ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದೆವು. ನನಗಾಗ 8 ವರ್ಷ. ಕ್ವಾರ್ಟರ್ಸ್ ಸಿಕ್ಕ ಮೇಲೂ ಅವ್ವ ಆ ಮನೆ ಬಿಡಲು ಒಪ್ಪಲಿಲ್ಲ. ಮೂರು ವರ್ಷ ಅಲ್ಲೇ ಇದ್ದೆವು.

ಆಟಗಳಲ್ಲಿ ಜಾಸ್ತಿ ಪಾಲು ನಮ್ಮವೇ. ನಮ್ಮ ಚಿನ್ನಿದಾಂಡು, ಧಾರವಾಡದ ಕಡೆ ಚಿಣಿಪಣಿ ಅನ್ನುತ್ತೀವಲ್ಲ, ಅದು ಅಲ್ಲಿ ಗುಲ್ಲಿ ಡಂಡಾ. ಲಗೋರಿಗೆ ಪಿಟ್ಠೂ. ಕುಂಟೆಬಿಲ್ಲೆಗೆ ಸ್ಟಾಪೂ. ಗೋಲಿಗೆ ಬಂಟೆ. ಐದು ಕಲ್ಲು ಹಾರಿಸಿ ಹಿಡಿಯುವುದಕ್ಕೆ ಗೀಟೆ. ಕಣ್ಣಾಮುಚ್ಚಾಲೆಗೆ ಲುಕಣ್ ಮೀಟಿ. ನನಗೆ ಪಂಜಾಬಿ ಇರಲಿ, ಹಿಂದಿಯೂ ಸರಿಯಾಗಿ ಬರುತ್ತಿರಲಿಲ್ಲ. ಹೋದ ಮೂರನೇ ದಿನ ಬೀದಿಯಲ್ಲಿ ಇಟ್ಟಿಗೆಯ ಏಳು ಚೂರು ಒಂದರ ಮೇಲೊಂದು ಪೇರಿಸಿದ್ದು ಕಂಡೆ. ಬಟ್ಟೆ ಚೆಂಡು ನನ್ನ ಕಾಲ ಹತ್ತಿರ ಉರುಳಿ ಬಂತು. ಎತ್ತಿಕೊಂಡು ಗುರಿಯಿಟ್ಟು ಹೊಡೆದೆ. ಯಾರೂ ನನ್ನ ಹೆಸರು ಕೇಳಲಿಲ್ಲ. ಕತ್ತಲಾಗುವವರೆಗೂ ಆಡಿದೆವು.

ಭಾಷೆ ಬೇಕೇ ಬೇಕು ಅನ್ನಿಸಿದ್ದು ಕೋಟ್ಲಾ ಛಪಾಕಿಯಲ್ಲಿ. ನಮ್ಮ 'ಟೋಪಿ ಬೇಕಾ ಟೋಪಿ' ಆಟದ ಅಕ್ಕ ಅದು. ಎಲ್ಲರೂ ಒಳಮುಖವಾಗಿ ದುಂಡಗೆ ಕೂರುತ್ತಾರೆ. ಒಬ್ಬರು ದುಪಟ್ಟಾವನ್ನು ಹುರಿ ಮಾಡಿ, ಬಾರುಕೋಲಿನ ಹಾಗೆ ಹಿಡಿದು ಹಾಡುತ್ತಾ ಸುತ್ತುತ್ತಾರೆ. ಆ ಹುರಿಯೇ ಕೋಟ್ಲಾ. ಯಾರದಾದರೂ ಬೆನ್ನ ಹಿಂದೆ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತಾರೆ. ಕೂತವರಿಗೆ ಗೊತ್ತಾದರೆ ಅದನ್ನೆತ್ತಿಕೊಂಡು ಬಿಟ್ಟವರನ್ನು ಅಟ್ಟಿಸಿಕೊಂಡು ಹೋಗಬೇಕು. ಗೊತ್ತಾಗದೆ ಬಿಟ್ಟವರು ಒಂದು ಸುತ್ತು ಮುಗಿಸಿ ಬಂದರೆ ಬೆನ್ನಿಗೆ ಏಟು, ಓಡಿ ಒಂದು ಸುತ್ತು ಹಾಕಿ ನಮ್ಮ ಜಾಗಕ್ಕೆ ಮರಳಿ ಬರುವತನಕ ಏಟು. ನಾನು ಮತ್ತೆ ಮತ್ತೆ ಹಿಂದೆ ತಿರುಗಿ ನೋಡುತ್ತಿದ್ದೆ. ನೋಡಿದಾಗಲೆಲ್ಲ ಒಂದು ಏಟು ಬೀಳುತ್ತಿತ್ತು. ಯಾಕೆ ಅಂತ ತಿಳಿಯದೆ ಕಣ್ಣೀರು ಬಂತು. ಆ ಹಾಡಿನಲ್ಲೇ ನಿಯಮ ಇತ್ತು: ಗುರುವಾರದ ರಾತ್ರಿ ಬಂದಿದೆ, ಹಿಂದೆ ಮುಂದೆ ನೋಡಿದವರಿಗೆ ಗ್ರಹಚಾರ ಕಾದಿದೆ ಅಂತ. ಪಕ್ಕದ ಮನೆ ಹುಡುಗಿ ತನ್ನ ಕತ್ತನ್ನು ತಾನೇ ಹಿಂದೆ ತಿರುಗಿಸಿ, ತನ್ನ ಬೆನ್ನಿಗೆ ತಾನೇ ಹೊಡೆದುಕೊಂಡು ಅರ್ಥ ಹೇಳಿದಳು. ನಾನು ಕಲಿತ ಮೊದಲ ಪಂಜಾಬಿ ವಾಕ್ಯ ಅದು.

ಎರಡನೆಯದು ಕಲಿತದ್ದು ಮನೆಯ ಒಡತಿಯಿಂದ. ಅಜ್ಜಿಯನ್ನು ಆ ಕಡೆ ಬೇಬೆ ಅನ್ನುತ್ತಾರೆ. ದಿನಾ ಬೆಳಿಗ್ಗೆ ಮಜ್ಜಿಗೆ ಕಡೆದು, ಹಿತ್ತಾಳೆ ಲೋಟ ಹಿಡಿದು 'ನೀ ಕುಡಿಯೇ' ಎಂದು ಕೂಗುತ್ತಿದ್ದಳು. ಎಷ್ಟು ಚೆಂದ ಕನ್ನಡ ಮಾತಾಡುತ್ತಾಳೆ ಅಂದುಕೊಂಡು ಗಟಗಟ ಕುಡಿಯುತ್ತಿದ್ದೆ. ಪಂಜಾಬಿಯಲ್ಲಿ ಕುಡಿ ಅಂದರೆ ಹುಡುಗಿ, 'ನೀ' ಅನ್ನೋದು ಹೆಣ್ಣುಮಕ್ಕಳನ್ನು ಕರೆಯುವ ಮಾತು ಎಂದು ತಿಳಿಯಲು ಎರಡು ವಾರ ಬೇಕಾಯಿತು. ಅವ್ವನಿಗೆ ಹೇಳಿದಾಗ ಅವಳು, ನಮ್ಮಲ್ಲೂ ಮಕ್ಕಳಿಗೆ ಮನೆತನದ ಕುಡಿ ಅಂತಾರಲ್ಲ, ಸರೀನೇ ಕರೀತಾಳ ಬಿಡು ಅಂದಳು. ಇಬ್ಬರ ಗೆಳೆತನ ಬೆಳೆದದ್ದೂ ಒಲೆಯ ಮುಂದೆ. ಅವ್ವ ಜೋಳದ ರೊಟ್ಟಿ ಬಡಿಯುವ ಕೈ. ಬೇಬೆ ಗೋವಿನಜೋಳದ ರೊಟ್ಟಿಯನ್ನು ಎರಡು ಅಂಗೈ ನಡುವೆಯೇ ತಟ್ಟಿ ಅಗಲ ಮಾಡುವ ಕೈ. ಅಂಟಿಲ್ಲದ ಹಿಟ್ಟು ಬಿರುಕು ಬಿಡದ ಹಾಗೆ ನೋಡಿಕೊಳ್ಳುವುದು ಇಬ್ಬರಿಗೂ ಗೊತ್ತಿತ್ತು. ಮಾತಿಲ್ಲದೆ ಒಬ್ಬರ ಕೈ ಒಬ್ಬರು ನೋಡುತ್ತಾ ಕೂರುತ್ತಿದ್ದರು.

ನಿಜವಾದ ವ್ಯತ್ಯಾಸ ಆಟದ ಹೆಸರಿನಲ್ಲಿಲ್ಲ, ಯಾವಾಗ ಎಲ್ಲಿ ಆಡುತ್ತಾರೆ ಅನ್ನೋದರಲ್ಲಿದೆ. ಅಲ್ಲಿ ಆಟಕ್ಕೂ ಹೊಲಕ್ಕೂ ಲೆಕ್ಕ ಕೂಡಿತ್ತು. ನವೆಂಬರಿನಿಂದ ಗೋಧಿ ಇರುತ್ತದೆ, ಹೊಲಕ್ಕೆ ಕಾಲಿಡುವಂತಿಲ್ಲ. ಚಳಿಗೆ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತಾ ಗೀಟೆ ಆಡಬೇಕು. ಏಪ್ರಿಲ್ 13ರ ಆಸುಪಾಸು ವೈಸಾಖಿ ಬಂತೆಂದರೆ ಕೊಯ್ಲು. ಆಮೇಲೆ ಜೂನ್‌ನಲ್ಲಿ ಭತ್ತದ ನಾಟಿಗೆ ನೀರು ಬಿಡುವತನಕ ಇಡೀ ಊರೇ ಮೈದಾನ. ಕೂಳೆ ಚುಚ್ಚುತ್ತದೆ ಅಂತ ಹುಡುಗರು ಒಂದು ಮೂಲೆ ಕೆರೆದು ಸಮ ಮಾಡಿ ಕಬಡ್ಡಿ ಆಡುತ್ತಿದ್ದರು. ಅವರ ಕಬಡ್ಡಿ ದುಂಡನೆಯ ಅಂಗಳದ್ದು. ಮುಟ್ಟಿಸಿಕೊಂಡವರು ಔಟಾಗಿ ಹೊರಗೆ ಕೂರುವುದಿಲ್ಲ, ಅಂಕ ಮಾತ್ರ. ರೇಡರ್ ಒಬ್ಬ, ಹಿಡಿಯುವ ಜಾಫಿ ಒಬ್ಬ, ಹೆಚ್ಚುಕಡಿಮೆ ಕುಸ್ತಿಯೇ. ಮಧ್ಯಾಹ್ನ ಸೆಕೆ ಏರಿದರೆ ಎಲ್ಲರೂ ಪಂಪ್‌ಸೆಟ್ ತೊಟ್ಟಿಗೆ ಇಳಿಯುತ್ತಿದ್ದರು.

ಒಂದು ವರ್ಷ ಮಳೆ ತಡವಾಯಿತು. ಹುಡುಗಿಯರೆಲ್ಲ ಸೇರಿ ಹಳೇ ಬಟ್ಟೆಯಿಂದ ಒಂದು ಗೊಂಬೆ ಮಾಡಿದರು. ಅದಕ್ಕೆ ಬಣ್ಣದ ಬಟ್ಟೆ ಉಡಿಸಿ, ಕಡ್ಡಿಯ ಚಟ್ಟ ಕಟ್ಟಿ ಮಲಗಿಸಿದರು. ಊರ ಹೊರಗೆ ಹೊತ್ತು ನಡೆದೆವು, ಎದೆ ಬಡಿದುಕೊಂಡು ಅಳುತ್ತಾ. ಅಲ್ಲಿ ಗೊಂಬೆಯನ್ನು ಸುಟ್ಟೆವು. ಗುಡ್ಡಿ ಫೂಕಣಾ ಅನ್ನುತ್ತಾರೆ ಇದಕ್ಕೆ. ಮಕ್ಕಳ ಅಳು ಕೇಳಿ ಮಳೆದೇವರಿಗೆ ಕರುಳು ಚುರ್ ಅನ್ನಲಿ ಅಂತ. ನನಗೆ ಮೈ ಜುಮ್ಮೆಂದಿತು, ಯಾಕೆಂದರೆ ನಮ್ಮೂರಲ್ಲಿ ನಾನು ಗುರ್ಜಿಯ ಹಿಂದೆ ಹೋದವಳು. ಅಲ್ಲಿ ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಕೂರಿಸಿ, ಒಬ್ಬ ಹುಡುಗ ತಲೆಮೇಲೆ ಹೊತ್ತು ಮನೆಮನೆಗೆ ಹೋಗುತ್ತಿದ್ದ, ಎಲ್ಲರೂ ನೀರು ಸುರಿಯುತ್ತಿದ್ದರು. ಪಂಜಾಬಿನಲ್ಲಿ ಬೆಂಕಿ, ನಮ್ಮಲ್ಲಿ ನೀರು. ಎರಡೂ ಕಡೆ ದೊಡ್ಡವರು ಮಳೆ ಕೇಳುವ ಕೆಲಸವನ್ನು ಮಕ್ಕಳಿಗೇ ಬಿಟ್ಟಿದ್ದರು. ಇದನ್ನು ನಿಮ್ಮ ಮಕ್ಕಳಿಗೆ ದಯವಿಟ್ಟು ಹೇಳಿ.

ಶ್ರಾವಣದಲ್ಲಿ ತೀಯಾಂ ಹಬ್ಬ. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮರಗಳಿಗೆ ಜೋಕಾಲಿ ಕಟ್ಟುತ್ತಾರೆ. 'ಇದು ನಮ್ಮ ಪಂಚಮೀನ ಐತಲ್ಲ' ಅಂದಳು ಅವ್ವ. ಅದು ಶುದ್ಧ ತದಿಗೆಗೆ ಶುರು, ನಮ್ಮ ನಾಗರಪಂಚಮಿ ಎರಡು ದಿನ ಬಿಟ್ಟು. ಅಲ್ಲೇ ನಾನು ಕಿಕ್ಲಿ ಕಲಿತದ್ದು. ಇಬ್ಬರು ಹುಡುಗಿಯರು ಕೈ ಅಡ್ಡಡ್ಡ ಹಿಡಿದು, ಕಾಲ ಬೆರಳು ಹತ್ತಿರ ಇಟ್ಟು, ಮೈ ಹಿಂದಕ್ಕೆ ಚೆಲ್ಲಿ ಗಿರಗಿರ ತಿರುಗುವುದು. ನಮ್ಮ ಫುಗಡಿಯಂತೆಯೇ.

ಚಳಿಗಾಲದಲ್ಲಿ ಬೆಂಕಿ ಹಾಕುವ ಹಬ್ಬ ಲೋಹ್ರಿ, ಜನವರಿ 13ಕ್ಕೆ. ಮಕ್ಕಳು ಹಾಡುತ್ತಾ ಮನೆಮನೆಗೆ ಹೋಗಿ ಬೆರಣಿ, ಕಟ್ಟಿಗೆ, ಶೇಂಗಾ, ಎಳ್ಳಿನ ರೇವಡಿ ಕೇಳುತ್ತಾರೆ. ನಮ್ಮ ಕಾಮಣ್ಣನಿಗೆ ಬೆರಣಿ ಕದಿಯಬೇಕು, ಅಲ್ಲಿ ಕೇಳಿದರೆ ಕೊಡುತ್ತಾರೆ. ಹಾಡಿನಲ್ಲಿ ಬರುವ ದುಲ್ಲಾ ಭಟ್ಟಿ ಅಕ್ಬರನ ಕಾಲದಲ್ಲಿ ದಂಗೆ ಎದ್ದವನು. ಬಡ ಹೆಣ್ಣುಮಕ್ಕಳಿಗೆ ಅಣ್ಣನಂತೆ ನಿಂತು ಮದುವೆ ಮಾಡಿಸಿದ ಅಂತ ಕಥೆ. ಅಂಥವನ ಹಾಡು ಹೇಳುತ್ತಲೇ, ಗಂಡು ಮಗು ಹುಟ್ಟಿದ ಮನೆಗೆ ಓಡುತ್ತಿದ್ದೆವು, ಹೆಣ್ಣು ಹುಟ್ಟಿದ ಮನೆ ದಾಟಿ ಹೋಗುತ್ತಿದ್ದೆವು. ಆಗಲೂ ನನಗದು ಹಿಡಿಸಿರಲಿಲ್ಲ. ಈಗ ಹೆಣ್ಣುಮಕ್ಕಳ ಲೋಹ್ರಿ ಎಂದೇ ಮಾಡುವವರು ಬಂದಿದ್ದಾರೆ, ಅದನ್ನು ಕೇಳಿದರೆ ಖುಷಿಯಾಗುತ್ತದೆ.

ಖಿದ್ದೋ ಖೂಂಡಿ ಹೇಳದೆ ಬಿಡಲಾರೆ. ಚಿಂದಿ ಸುತ್ತಿ ದಾರದಿಂದ ಬಿಗಿದ ಚೆಂಡು ಖಿದ್ದೋ, ತುದಿ ಬಾಗಿದ ಮರದ ಕೋಲು ಖೂಂಡಿ. ಹಳ್ಳಿಯ ಹಾಕಿ ಇದು. ಜಲಂಧರ್ ಪಕ್ಕದ ಸಂಸಾರ್‌ಪುರ ಎಂಬ ಒಂದೇ ಹಳ್ಳಿ 14 ಮಂದಿ ಒಲಿಂಪಿಕ್ಸ್ ಹಾಕಿ ಆಟಗಾರರನ್ನು ಕೊಟ್ಟಿದೆ. 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದ ನಾಯಕ ಅಜಿತ್‌ಪಾಲ್ ಸಿಂಗ್ ಅದೇ ಊರಿನವರು. ಅದೇ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಬೇಬೆ ತನ್ನ ಹಳೇ ಸಲ್ವಾರ್ ಹರಿದು ನನಗೊಂದು ಖಿದ್ದೋ ಮಾಡಿಕೊಟ್ಟಿದ್ದಳು. ಹುಡುಗರ ಆಟ ಅಂತ ಯಾರಾದರೂ ಅಂದರೆ, ಚೆಂಡು ನಾನು ಮಾಡಿದ್ದು ಅನ್ನುತ್ತಿದ್ದಳು.

ರಾತ್ರಿ ಎಲ್ಲರೂ ಮಾಳಿಗೆ ಮೇಲೆ ಹೊರಸು ಹಾಕಿ ಮಲಗುತ್ತಿದ್ದೆವು. ಕಥೆ, ಒಗಟು ಆಗ ಮಾತ್ರ. ಹಗಲು ಕಥೆ ಹೇಳಿದರೆ ದಾರಿಹೋಕರು ದಾರಿ ತಪ್ಪುತ್ತಾರೆ ಅಂತ ಬೇಬೆ ಬಾಯಿ ಬಿಡುತ್ತಿರಲಿಲ್ಲ.

ನಿಮ್ಮ ಮಕ್ಕಳಿಗೆ ಒಂದೇ ಆಟ ಕಲಿಸುವುದಾದರೆ ಬಾಂದರ್ ಕಿಲ್ಲಾ ಕಲಿಸಿ. ನಮ್ಮ ಕಡೆ ನಾನು ನೋಡಿರದ ಆಟ ಅದೊಂದೇ. ಬಾಂದರ್ ಅಂದರೆ ಮಂಗ, ಕಿಲ್ಲಾ ಅಂದರೆ ಗೂಟ. ನೆಲಕ್ಕೆ ಒಂದು ಗೂಟ ಹೊಡೆದು ಒಂದೂವರೆ ಮೀಟರ್ ಹಗ್ಗ ಕಟ್ಟಿ. ಎಲ್ಲರ ಚಪ್ಪಲಿ ಗೂಟದ ಸುತ್ತ ಗುಡ್ಡೆ ಹಾಕಿ. ಮಂಗನಾದವನು ಹಗ್ಗದ ತುದಿ ಬಿಡದೆ ಚಪ್ಪಲಿ ಕಾಯಬೇಕು. ಉಳಿದವರು ಅವನ ಕೈಗೆ ಸಿಗದೆ ಒಂದೊಂದೇ ಎತ್ತಬೇಕು. ಯಾರನ್ನು ಮುಟ್ಟಿದನೋ ಅವರು ಮುಂದಿನ ಮಂಗ. ಚಪ್ಪಲಿ ಎಲ್ಲ ಖಾಲಿಯಾದರೆ ಮಂಗ ಹಗ್ಗ ಬಿಟ್ಟು ಮೊದಲೇ ಗೊತ್ತು ಮಾಡಿದ ಮರದತ್ತ ಓಡಬೇಕು, ಮುಟ್ಟುವವರೆಗೂ ಹಿಂದಿನಿಂದ ಚಪ್ಪಲಿ ಬೀಳುತ್ತವೆ. ಹತ್ತು ಮಕ್ಕಳಿದ್ದರೆ ಸಾಕು. ಹಗ್ಗ ತೀರಾ ಉದ್ದ ಮಾಡಬೇಡಿ, ಯಾರೂ ಹತ್ತಿರ ಬರಲಾಗುವುದಿಲ್ಲ. ಗೂಟ ಗಟ್ಟಿಯಾಗಿ ಹೂತಿದೆಯಾ ಅಂತ ನೀವೇ ಎಳೆದು ನೋಡಿ. ಸೊಂಟದ ಕೆಳಗೆ ಮಾತ್ರ ಎಸೆಯಬೇಕು ಎಂದು ಮೊದಲೇ ಹೇಳಿಬಿಡಿ. ಬೂಟು ಬೇಡ, ಆ ದಿನ ಎಲ್ಲರೂ ಹವಾಯಿ ಚಪ್ಪಲಿಯಲ್ಲೇ ಬರಲಿ.