ಓದುಗರ ಪ್ರಶ್ನೆ: ಆ ಆಟಗಳ ಹೊಳಪು ಈಗೇಕಿಲ್ಲ?

ಪ್ರಶ್ನೆ: ಚಿಕ್ಕಂದಿನಲ್ಲಿ ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಗಳ ಮುಂದೆ ನಿಂತು ‘ಸ್ಪೇಸ್ ಇನ್ವೇಡರ್ಸ್’, ‘ಆಸ್ಟರಾಯ್ಡ್ಸ್’, ‘ಪ್ಯಾಕ್‌ಮ್ಯಾನ್’ ಆಡಿದವನು ನಾನು. ಈಚೆಗೆ ಅವೇ ಆಟಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಂಡು ಆಡಿದೆ. ಆಟ ಅದೇ, ಚಿತ್ರ ಮಾತ್ರ ಸಪ್ಪೆ. ಅಂದಿನ ಹೊಳಪು ಬರೀ ನೆನಪಿನ ಬಣ್ಣವೋ, ಅಥವಾ ನಿಜವಾಗಿಯೂ ಏನಾದರೂ ಕಳೆದುಹೋಗಿದೆಯೋ?

ಉತ್ತರ: ಇದರಲ್ಲಿ ನೆನಪಿನ ಪಾಲೇ ಇಲ್ಲವೆಂದು ಹೇಳಲಾರೆ. ಆದರೆ ನಿಮ್ಮ ಕಣ್ಣು ಸುಳ್ಳು ಹೇಳುತ್ತಿಲ್ಲ. ಆ ಚಿತ್ರಗಳನ್ನು ಪ್ರೋಗ್ರಾಂ ಒಂದೇ ಬಿಡಿಸುತ್ತಿರಲಿಲ್ಲ. ಪಿಕ್ಚರ್ ಟ್ಯೂಬು, ಅದರ ಮುಂದಿನ ಗಾಜು, ಕೆಲವೆಡೆ ಕನ್ನಡಿ ಮತ್ತು ಬಣ್ಣದ ಹಾಳೆಗಳೂ ಸೇರಿ ಬಿಡಿಸುತ್ತಿದ್ದವು. ಇವುಗಳಲ್ಲಿ ನಿಮ್ಮ ಕಂಪ್ಯೂಟರಿಗೆ ಬಂದಿರುವುದು ಪ್ರೋಗ್ರಾಂ ಮಾತ್ರ.

1979ರಲ್ಲಿ ಅಟಾರಿ ಸಂಸ್ಥೆ ಹೊರತಂದ ‘ಆಸ್ಟರಾಯ್ಡ್ಸ್’ ಇದಕ್ಕೆ ಒಳ್ಳೆಯ ಸಾಕ್ಷಿ. ಟ್ಯೂಬಿನ ಸಾಮಾನ್ಯ ಟಿ.ವಿ.ಯಲ್ಲಿ ಎಲೆಕ್ಟ್ರಾನ್ ಕಿರಣವು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಇಡೀ ಪರದೆಯನ್ನು ಉಳುತ್ತದೆ. ಬೇಕಾದ ಕಡೆ ಬೆಳಗುತ್ತದೆ, ಬೇಡವಾದ ಕಡೆ ಆರುತ್ತದೆ. ‘ಆಸ್ಟರಾಯ್ಡ್ಸ್’ನ ವೆಕ್ಟರ್ ಪರದೆಯಲ್ಲಿ ಹಾಗಿಲ್ಲ. ಅಲ್ಲಿ ಕಿರಣವು ಪೆನ್ಸಿಲಿನಂತೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೇರವಾಗಿ ಗೆರೆ ಎಳೆಯುತ್ತದೆ. ಆದ್ದರಿಂದ ತ್ರಿಕೋನಾಕಾರದ ಆ ಪುಟ್ಟ ನೌಕೆ ಯಾವ ಕೋನಕ್ಕೆ ತಿರುಗಿದರೂ ಅದರ ಅಂಚಿನಲ್ಲಿ ಮೆಟ್ಟಿಲುಗಳು ಕಾಣುತ್ತಿರಲಿಲ್ಲ, ಏಕೆಂದರೆ ಅಲ್ಲಿ ಪಿಕ್ಸೆಲ್ (ಚಿತ್ರ ಕಟ್ಟುವ ಪುಟ್ಟ ಚೌಕ) ಎಂಬುದೇ ಇರಲಿಲ್ಲ. ನೌಕೆಯಿಂದ ಹಾರುವ ಗುಂಡು ಒಂದೇ ಒಂದು ಚುಕ್ಕೆ. ಕಿರಣವು ಆ ಚುಕ್ಕೆಯನ್ನು ಉಳಿದ ಗೆರೆಗಳಿಗಿಂತ ಎಷ್ಟೋ ಪ್ರಖರವಾಗಿ ಬೆಳಗಿಸುತ್ತಿತ್ತು. ಕಪ್ಪು ಗಾಜಿನ ಮೇಲೆ ಅದು ಕಿಡಿಯಂತೆ ಉರಿದು, ಸಾಗಿದ ದಾರಿಯಲ್ಲಿ ಕ್ಷಣಕಾಲ ಮಿಣುಕನ್ನು ಉಳಿಸಿ ಹೋಗುತ್ತಿತ್ತು. ಇಂದಿನ ಪರದೆಯಲ್ಲಿ ಅದೇ ಗುಂಡು ಬಿಳಿಯ ಪಿಕ್ಸೆಲ್ಲುಗಳ ಒಂದು ಗುಂಪು, ಪಕ್ಕದ ಬಿಳಿ ಗೆರೆಗಿಂತ ಒಂದಿಷ್ಟೂ ಹೆಚ್ಚು ಬಿಳಿಯಲ್ಲ. ನೀವು ಸಪ್ಪೆ ಎಂದದ್ದು ಇದನ್ನೇ ಇರಬೇಕು.

‘ಸ್ಪೇಸ್ ಇನ್ವೇಡರ್ಸ್’ನ ಕಥೆ ಬೇರೆ. ಜಪಾನಿನ ಟೈಟೊ ಸಂಸ್ಥೆಗಾಗಿ ತೊಮೊಹಿರೊ ನಿಶಿಕಾದೊ ಅವರು ರೂಪಿಸಿ 1978ರಲ್ಲಿ ಬಂದ ಈ ಆಟದ ಮೂಲ ಚಿತ್ರ ಕಪ್ಪು–ಬಿಳುಪು. ನಿಮಗೆ ಹಸಿರು ಫಿರಂಗಿ ನೆನಪಿದ್ದರೆ, ಆ ಹಸಿರು ಪರದೆಯ ಕೆಳಭಾಗಕ್ಕೆ ಹೊಂದಿಸಿದ್ದ ಪಾರದರ್ಶಕ ಹಾಳೆಯದು. ಹೀಗಾಗಿ ಫಿರಂಗಿಯಿಂದ ಹೊರಟ ಗುಂಡು ಮೊದಲು ಹಸಿರಾಗಿದ್ದು, ಹಾಳೆಯ ಅಂಚು ದಾಟಿದೊಡನೆ ಬೆಳ್ಳಗಾಗುತ್ತಿತ್ತು. ಅಮೆರಿಕದ, ನಿಂತುಕೊಂಡು ಆಡುವ ಪೆಟ್ಟಿಗೆಯೊಳಗೆ ಇನ್ನೂ ಒಂದು ಜಾಣತನವಿತ್ತು: ಟ್ಯೂಬನ್ನು ಒಳಗೆ ಕೆಳಗಡೆ ಇರಿಸಿ, ಅದರ ಬಿಂಬವನ್ನು ಅರೆಪಾರದರ್ಶಕ ಕನ್ನಡಿಯ ಮೂಲಕ ತೋರಿಸುತ್ತಿದ್ದರು, ಕನ್ನಡಿಯ ಹಿಂದೆ ಚಂದ್ರನ ನೆಲದ ಬಣ್ಣದ ಚಿತ್ರವೊಂದಿತ್ತು. ಅನ್ಯಗ್ರಹದ ಜೀವಿಗಳು ಆ ನೆಲದ ಮುಂದೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತಿದ್ದವು. ನಾಟಕದ ರಂಗದ ಮೇಲೆ ದೆವ್ವ ತೋರಿಸುವ ಹಳೆಯ ಉಪಾಯವಿದು. ಪ್ರೋಗ್ರಾಮಿನೊಳಗೆ ಎಷ್ಟು ಹುಡುಕಿದರೂ ಆ ಚಂದ್ರ ಸಿಗುವುದಿಲ್ಲ.

ಪ್ರಶ್ನೆ: ಅದೇ ಆಟದಲ್ಲಿ ಶತ್ರುಗಳು ಕಡಿಮೆಯಾದಷ್ಟೂ ಉಳಿದವರ ಓಟ ಹೆಚ್ಚುತ್ತದೆ. ಇದು ಮೊದಲೇ ಯೋಚಿಸಿದ್ದೋ, ಯಂತ್ರದ ದೌರ್ಬಲ್ಯವೋ?

ಉತ್ತರ: ದೌರ್ಬಲ್ಯವಾಗಿ ಹುಟ್ಟಿ ಆಟದ ಜೀವಾಳವಾದದ್ದು. ಸಾಲಿಗೆ 11ರಂತೆ 5 ಸಾಲು, ಒಟ್ಟು 55 ಜೀವಿಗಳು. ಅದರ ಇಂಟೆಲ್ 8080 ಪ್ರೊಸೆಸರಿಗೆ ಅಷ್ಟನ್ನೂ ಒಮ್ಮೆಗೇ ಅಳಿಸಿ ಬರೆಯುವ ತ್ರಾಣವಿರಲಿಲ್ಲ. ಆದ್ದರಿಂದ ಸೆಕೆಂಡಿಗೆ ಸುಮಾರು 60 ಬಾರಿ ಮೂಡುವ ಚಿತ್ರದಲ್ಲಿ ಪ್ರತಿ ಬಾರಿ ಒಂದೇ ಒಂದು ಜೀವಿ ಹೆಜ್ಜೆಯಿಡುತ್ತಿತ್ತು. 55 ಇದ್ದಾಗ ಇಡೀ ಪಡೆ ಒಂದು ಹೆಜ್ಜೆ ಸರಿಯಲು ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು; ಒಂದೇ ಉಳಿದಾಗ ಪ್ರತಿ ಚಿತ್ರದಲ್ಲೂ ಅದರದೇ ಸರದಿ. ಗಮನವಿಟ್ಟು ನೋಡಿದರೆ ಸಾಲು ಸರಿಯುವಾಗ ಅಲೆಯಂತೆ ಒಂದರ ಹಿಂದೊಂದು ಜರುಗುವುದೂ ಕಾಣುತ್ತದೆ. ನಿಶಿಕಾದೊ ಇದನ್ನು ಸರಿಪಡಿಸಲು ಹೋಗದೆ ಹಾಗೆಯೇ ಉಳಿಸಿಕೊಂಡರು. ನಾಲ್ಕು ಸ್ವರಗಳ ಆ ‘ಧಂ ಧಂ’ ಸದ್ದೂ ಜೊತೆಜೊತೆಗೆ ಚುರುಕಾಗುತ್ತಿದ್ದುದರಿಂದ ಆಡುವವರ ಎದೆಬಡಿತವೂ ಏರುತ್ತಿತ್ತು.

ಪ್ರಶ್ನೆ: ಅಷ್ಟು ಕಡಿಮೆ ಮೆಮೊರಿಯಲ್ಲಿ ‘ಪ್ಯಾಕ್‌ಮ್ಯಾನ್’ನಂಥ ಬಣ್ಣದ ಚಿತ್ರ ಹೇಗೆ ಸಾಧ್ಯವಾಯಿತು?

ಉತ್ತರ: ಪಿಕ್ಸೆಲ್ಲುಗಳನ್ನು ಒಂದೊಂದಾಗಿ ನೆನಪಿಡುವ ಗೋಜಿಗೇ ಹೋಗದೆ. ನಮ್ಕೊ ಸಂಸ್ಥೆಯ ತೊರು ಇವತಾನಿ ರೂಪಿಸಿ 1980ರಲ್ಲಿ ಬಂದ ಈ ಆಟದ ಪರದೆ 224 ಪಿಕ್ಸೆಲ್ ಅಡ್ಡ, 288 ಪಿಕ್ಸೆಲ್ ಉದ್ದ. ಅದನ್ನು 8×8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿದರೆ 1008 ಚೌಕಗಳಾಗುತ್ತವೆ. ಯಾವ ಚೌಕದಲ್ಲಿ ಯಾವ ಸಿದ್ಧಚಿತ್ರ, ಅದಕ್ಕೆ ಯಾವ ಬಣ್ಣ ಎಂಬೆರಡು ಸಂಖ್ಯೆಗಳನ್ನಷ್ಟೇ ಬರೆದಿಟ್ಟರೆ ನೆಲಹಾಸಿಗೆ ಹೆಂಚು ಜೋಡಿಸಿದಂತೆ ಇಡೀ ಜಟಿಲ ಹಾದಿ ಸಿದ್ಧ. ಓಡಾಡುವವರನ್ನು ಮಾತ್ರ 16×16 ಪಿಕ್ಸೆಲ್ಲಿನ ಸ್ಪ್ರೈಟುಗಳಾಗಿ, ಅಂದರೆ ಚಲಿಸುವ ಪುಟ್ಟ ಚಿತ್ರಗಳಾಗಿ, ಹಾರ್ಡ್‌ವೇರೇ ಅದರ ಮೇಲೆ ತೇಲಿಸುತ್ತಿತ್ತು.

ಇಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಪ್ಯಾಕ್‌ಮ್ಯಾನನ್ನು ಅಟ್ಟಿಸಿಕೊಂಡು ಬರುವ ದೆವ್ವಗಳು. ನಾಲ್ಕಕ್ಕೂ ಇರುವುದು ಒಂದೇ ಅಚ್ಚು. ಬಣ್ಣದ ಪಟ್ಟಿ ಬದಲಾಯಿಸಿದರೆ ಕೆಂಪು, ಗುಲಾಬಿ, ತಿಳಿನೀಲಿ, ಕಿತ್ತಳೆ. ಒಂದು ಸ್ಪ್ರೈಟಿಗೆ ದೊರೆಯುತ್ತಿದ್ದುದು ನಾಲ್ಕು ಬಣ್ಣ, ಅದರಲ್ಲೊಂದು ಪಾರದರ್ಶಕ. ಉಳಿದ ಮೂರು ಮೈಗೆ, ಕಣ್ಣಿನ ಬಿಳುಪಿಗೆ, ಪಾಪೆಗೆ ಸರಿಹೋದವು. ಆ ಪಾಪೆಗಳು ದೆವ್ವ ಹೊರಟ ದಿಕ್ಕಿಗೆ ಹೊರಳುತ್ತವೆ. ಬಾಯಿಯಿಲ್ಲ, ಕೈಯಿಲ್ಲ, ಕಣ್ಣು ಹೊರಳಿದ್ದರಿಂದಲೇ ನಾವು ಅವಕ್ಕೆ ಮನಸ್ಸಿದೆ ಎಂದು ನಂಬಿದೆವು. ಮರುವರ್ಷ ನಿಂಟೆಂಡೊದ ‘ಡಾಂಕಿ ಕಾಂಗ್’ನಲ್ಲಿ ಶಿಗೆರು ಮಿಯಾಮೊಟೊ ಮಾಡಿದ್ದೂ ಇಂಥದೇ: ಬಾಯಿ ಬಿಡಿಸಲು ಜಾಗ ಸಾಲದೆ ಮೀಸೆ, ಕೂದಲು ಬಿಡಿಸುವ ತೊಂದರೆ ತಪ್ಪಿಸಲು ಟೋಪಿ. ಆ ಆಟದ ನಾಯಕ ಮಾರಿಯೊನ ಮುಖ ಹುಟ್ಟಿದ್ದು ಹಾಗೆ.

ಪ್ರಶ್ನೆ: ‘ಪ್ಯಾಕ್‌ಮ್ಯಾನ್’ 256ನೇ ಹಂತದಲ್ಲಿ ಕೆಟ್ಟುಹೋಗುವುದು ನಿಜವೇ?

ಉತ್ತರ: ನಿಜ. ಹಂತದ ಎಣಿಕೆಗೆ ಮೀಸಲಿಟ್ಟಿದ್ದು ಒಂದೇ ಬೈಟ್. ಅದರಲ್ಲಿ 255ಕ್ಕೆ ಒಂದು ಸೇರಿದರೆ ಸೊನ್ನೆಯಾಗುತ್ತದೆ. ಹಂತ ತೋರಿಸಲು ಪರದೆಯ ಕೆಳಗೆ ಹಣ್ಣು ಬಿಡಿಸುವ, ಏಳಕ್ಕಿಂತ ಹೆಚ್ಚು ಎಂದೂ ಬಿಡಿಸದ ಪ್ರೋಗ್ರಾಮಿನ ಭಾಗವು ಆಗ ದಾರಿತಪ್ಪಿ 256 ಬಿಡಿಸಲು ಹೊರಟು, ಪರದೆಯ ಬಲಭಾಗವನ್ನು ಅಕ್ಷರ–ಅಂಕಿಗಳ ಕಸದಿಂದ ತುಂಬಿಬಿಡುತ್ತದೆ.

ಪ್ರಶ್ನೆ: ಹಾಗಾದರೆ ಮನೆಯಲ್ಲಿ ಆ ಹಳೆಯ ಚಿತ್ರಕ್ಕೆ ಹತ್ತಿರ ಹೋಗುವ ದಾರಿ ಉಂಟೇ?

ಉತ್ತರ: ಸ್ವಲ್ಪ ಮಟ್ಟಿಗೆ ಉಂಟು. ನಿಕೊಲಾ ಸಾಲ್ಮೊರಿಯ 1997ರಲ್ಲಿ ಆರಂಭಿಸಿದ ‘ಮೇಮ್’ ಎಂಬ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ) ಬಣ್ಣದ ಹಾಳೆ, ಹಿನ್ನೆಲೆಯ ಚಿತ್ರಗಳನ್ನೂ ಸೇರಿಸಿಕೊಳ್ಳಲು ಅವಕಾಶವಿದೆ. ‘ಪ್ಯಾಕ್‌ಮ್ಯಾನ್’, ‘ಸ್ಪೇಸ್ ಇನ್ವೇಡರ್ಸ್’ ಎರಡರಲ್ಲೂ ಪರದೆ ನಿಲುವಾಗಿತ್ತು, ಆದ್ದರಿಂದ ನಿಮ್ಮ ಮಾನಿಟರನ್ನೂ ತಿರುಗಿಸಿ ನಿಲ್ಲಿಸಿ. ಹಳೆಯ ಟ್ಯೂಬಿನ ಟಿ.ವಿ. ಸಿಕ್ಕರೆ ಬಿಡಬೇಡಿ, ಒಂದು ಪಿಕ್ಸೆಲ್ಲಿನ ಬೆಳಕು ಪಕ್ಕದ್ದಕ್ಕೆ ತುಸು ಹರಡಿಕೊಂಡು ಚೌಕಗಳ ಮೂಲೆ ಮೆತ್ತಗಾಗುವುದು ಅದರಲ್ಲೇ. ‘ಆಸ್ಟರಾಯ್ಡ್ಸ್’ಗೆ ಮಾತ್ರ ಇದೂ ಸಾಲದು. ಅದರ ಗುಂಡಿನ ಕಿಡಿ ನೋಡಬೇಕಿದ್ದರೆ ಅಸಲಿ ವೆಕ್ಟರ್ ಪರದೆ ಇನ್ನೂ ಉರಿಯುತ್ತಿರುವ ಯಂತ್ರವನ್ನೇ ಹುಡುಕಿಕೊಂಡು ಹೋಗಬೇಕು, ಕೋಣೆಯ ದೀಪ ಆರಿಸಿಕೊಂಡು ಆಡಬೇಕು.